ಡೋವರ್ ದಂಡೆಯ ನಮ್ಮ ಆಯಿ

ನನಗೆ ಸಮುದ್ರದಲ್ಲಿ ಈಜುವುದನ್ನು ಕಲಿಸಿದ ಕೋಚ್ ಈ ಚಳಿಗಾಲದಲ್ಲಿ ತೀರಿಕೊಂಡರು. ಯಾದಗಿರಿಗೆ ಫೋನ್ ಮಾಡಿ ಹೇಳಿದಾಗ ಅವ್ವ ಅತ್ತುಬಿಟ್ಟಳು. ಅವ್ವ ಅವರನ್ನು ವಿಡಿಯೊ ಕಾಲ್‌ನಲ್ಲಿ ಬಿಟ್ಟರೆ ಬೇರೆ ಎಲ್ಲೂ ನೋಡಿದವಳಲ್ಲ. ಇವಳ ಮಾತು ಅವರಿಗೆ ಬರದು, ಅವರ ಮಾತು ಇವಳಿಗೆ ತಿಳಿಯದು. ಆದರೂ ಪ್ರತಿ ಸಲ "ಆ ಆಯಿ ಹೆಂಗದಾರ?" ಅಂತ ಕೇಳುತ್ತಿದ್ದಳು. ಮಗಳು ನೀರಿಗೆ ಇಳಿದಾಗ ದಂಡೆ ಮೇಲೆ ಒಬ್ಬರು ನಿಂತಿದ್ದಾರೆ ಅನ್ನುವುದೊಂದೇ ಅವಳಿಗೆ ಸಮಾಧಾನ ಕೊಡುತ್ತಿದ್ದ ಮಾತು.

ಊರಲ್ಲಿ ಇದನ್ನು ಓದುವವರಿಗೆ ಡೋವರ್ ಬಗ್ಗೆ ಸ್ವಲ್ಪ ಹೇಳಬೇಕು. ಇದು ಇಂಗ್ಲೆಂಡಿನ ತುದಿಯಲ್ಲಿರುವ ಊರು, ಎದುರಿಗೆ ಫ್ರಾನ್ಸ್. ನಡುವೆ ಇರುವುದೇ ಇಂಗ್ಲಿಷ್ ಕಾಲುವೆ, ಕಡಿಮೆ ಅಂದರೂ ಸುಮಾರು 33 ಕಿಲೋಮೀಟರ್. 1875ರಲ್ಲಿ ಮ್ಯಾಥ್ಯೂ ವೆಬ್ ಅನ್ನುವವರು 21 ಗಂಟೆ 45 ನಿಮಿಷದಲ್ಲಿ ಇದನ್ನು ಈಜಿ ದಾಟಿದರು. ನಮ್ಮವರಲ್ಲಿ 1958ರಲ್ಲಿ ಮಿಹಿರ್ ಸೇನ್, ಮರುವರ್ಷ ಆರತಿ ಸಾಹಾ ದಾಟಿದರು. ಏಷ್ಯಾದ ಹೆಣ್ಣುಮಕ್ಕಳಲ್ಲಿ ಆರತಿಯವರೇ ಮೊದಲಿಗರು. ನಕ್ಷೆಯಲ್ಲಿ ಗೆರೆ ನೇರವಾಗಿ ಕಾಣುತ್ತದೆ, ಆದರೆ ಸುಮಾರು ಆರು ಗಂಟೆಗೊಮ್ಮೆ ಸಮುದ್ರದ ಸೆಳೆತ ದಿಕ್ಕು ಬದಲಿಸುವುದರಿಂದ ಯಾರೂ ನೇರವಾಗಿ ಈಜಲು ಆಗುವುದಿಲ್ಲ, ಪಕ್ಕಕ್ಕೆ ಎಳೆದುಕೊಂಡು ಹೋಗಿ ಮತ್ತೆ ವಾಪಸ್ ತರುತ್ತದೆ. ಮೈಗೆ ಮಾಮೂಲಿ ಈಜುಡುಗೆ, ತಲೆಗೆ ಒಂದು ಟೋಪಿ, ಕಣ್ಣಿಗೆ ಗಾಗಲ್ಸ್, ಅಷ್ಟೇ. ಬೆಚ್ಚಗಿಡುವ ರಬ್ಬರ್ ಸೂಟ್ ಹಾಕಿದರೆ ಅದು ಲೆಕ್ಕಕ್ಕಿಲ್ಲ.

ದೂರಕ್ಕಿಂತ ಕಷ್ಟ ಅಂದರೆ ಚಳಿ. ಏಪ್ರಿಲ್ ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲು ಕಂಡು ಬೆಳೆದ ಮೈ ನನ್ನದು. ಇಲ್ಲಿ ಅದೇ ಮೇ ತಿಂಗಳಲ್ಲಿ ಸಮುದ್ರದ ನೀರು ಸುಮಾರು 11 ಡಿಗ್ರಿ. ಮೊದಲ ದಿನ ಕಾಲಿಟ್ಟಾಗ ಉಸಿರೇ ಸಿಕ್ಕಿಕೊಂಡಿತು. ಕೋಚ್ ಏನೂ ಹುರುಪು ತುಂಬುವ ಮಾತು ಆಡಲಿಲ್ಲ. "ಸುಮ್ನೆ ನಿಂತು ಉಸಿರು ಬಿಡು, ಉಸಿರು ಹದಕ್ಕೆ ಬರುವವರೆಗೆ ಮುಖ ಅದ್ದಬೇಡ" ಅಂದರು. ಅವತ್ತು ಸ್ವಲ್ಪ ಹೊತ್ತು, ಮುಂದಿನ ವಾರ ಇನ್ನೊಂದಿಷ್ಟು. ಹಾಗೇ ಏರಿಸುತ್ತಾ ಹೋದರು.

ಅವರು ವಾರದ ಕೊನೆಯ ಎರಡೂ ದಿನ ಬಂದರಿನ ಒಳಗಿನ ಕಲ್ಲುಹರಳಿನ ದಂಡೆಗೆ ಬರುತ್ತಿದ್ದರು. ಮಳೆ ಬಂದರೂ ಬರುತ್ತಿದ್ದರು. ಒಂದು ಮಡಚುವ ಕುರ್ಚಿ, ಫ್ಲಾಸ್ಕು, ವ್ಯಾಸಲೀನಿನ ದೊಡ್ಡ ಡಬ್ಬಿ. ಕೈಗೆ ಗ್ಲೌಸ್ ಹಾಕಿಕೊಂಡು ಎಲ್ಲರ ಕುತ್ತಿಗೆಗೆ, ಕಂಕುಳಿಗೆ ತಾವೇ ವ್ಯಾಸಲೀನ್ ಹಚ್ಚುತ್ತಿದ್ದರು. ಅದು ಚಳಿಗಲ್ಲ, ಉಪ್ಪುನೀರಲ್ಲಿ ಚರ್ಮ ಉಜ್ಜಿ ಉಜ್ಜಿ ಸುಲಿಯಬಾರದು ಅಂತ. ಇಷ್ಟಕ್ಕೆಲ್ಲ ಒಂದು ಪೈಸೆ ತೆಗೆದುಕೊಳ್ಳುತ್ತಿರಲಿಲ್ಲ.

ಅವರ ನೋಟ್‌ಬುಕ್ ಬಗ್ಗೆ ಹೇಳಲೇಬೇಕು. ನಾವು ಪ್ರತಿಯೊಬ್ಬರೂ ಅದರಲ್ಲಿ ನಮ್ಮ ತಾಯಿಯ ಹೆಸರು, ಹುಟ್ಟಿದ ಊರು, ಓದಿದ ಶಾಲೆ ಬರೆದುಕೊಡಬೇಕಿತ್ತು. ಮೈ ತಣ್ಣಗಾಗುತ್ತಾ ಹೋದರೆ ಬುದ್ಧಿಯೂ ಮಂಕಾಗುತ್ತದೆ, ಮತ್ತು ಅದು ಎಷ್ಟೋ ಸಲ ಈಜುವವರಿಗೆ ತಿಳಿಯುವುದೇ ಇಲ್ಲ, ನಾನು ಚೆನ್ನಾಗಿದ್ದೇನೆ ಅಂತಲೇ ಹೇಳುತ್ತಾರೆ. ಅದಕ್ಕೇ ಕುಡಿಯಲು ದಂಡೆ ಹತ್ತಿರ ಬಂದಾಗ ಅವರು ಸುಮ್ಮನೆ ಹರಟೆ ಹೊಡೆಯುವ ಹಾಗೆ ಕೇಳುತ್ತಿದ್ದರು. ನಿನ್ನ ತಾಯಿ ಹೆಸರೇನು? ಊರು ಯಾವುದು? ಉತ್ತರ ತಪ್ಪಿದರೆ, ನಾಲಿಗೆ ತೊದಲಿದರೆ, ಕೈಬೆರಳು ಜೋಡಿಸಲು ಬರದೆ ಹೋದರೆ ಅವತ್ತಿನ ಈಜು ಮುಗಿಯಿತು. ನಿಮಿಷಕ್ಕೆ ಎಷ್ಟು ಸಲ ಕೈ ಬೀಸುತ್ತೇವೆ ಅಂತಲೂ ಎಣಿಸುತ್ತಿದ್ದರು, ಅದು ಇಳಿಯುತ್ತಾ ಬಂದರೆ ಕಣ್ಣು ನಮ್ಮ ಮೇಲಿಂದ ಕದಲುತ್ತಿರಲಿಲ್ಲ.

ಒಬ್ಬನೇ ಕಾಲುವೆ ದಾಟಬೇಕು ಅನ್ನುವವರು ಮೊದಲು 16 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿನ ನೀರಲ್ಲಿ ಆರು ಗಂಟೆ ಈಜಿ ತೋರಿಸಬೇಕು. ಒಬ್ಬ ಗಟ್ಟಿಮುಟ್ಟಾದ ಹುಡುಗ ಅದಕ್ಕಾಗಿಯೇ ಬಹಳ ದೂರದಿಂದ ಬಂದಿದ್ದ. ಐದು ಗಂಟೆ ದಾಟಿದ ಮೇಲೆ ಕೋಚ್ ಅವನನ್ನು ಹೊರಗೆ ಕರೆದರು. ಅವನು ಬೇಡಿಕೊಂಡ, ಅತ್ತ, ಸಿಟ್ಟು ಮಾಡಿದ. ಅವರು ಮಾತು ಬೆಳೆಸಲಿಲ್ಲ. ನೀರಿಂದ ಹೊರಗೆ ಬಂದ ಮೇಲೂ ಸ್ವಲ್ಪ ಹೊತ್ತು ಮೈ ಒಳಗಿನ ಶಾಖ ಇಳಿಯುತ್ತಲೇ ಇರುತ್ತದೆ, ಆ ಹೊತ್ತೇ ಅಪಾಯ ಜಾಸ್ತಿ. ಬೇಗ ಒದ್ದೆ ಬಟ್ಟೆ ಬಿಚ್ಚಿಸಿ, ಮೈ ಒರೆಸಿ, ಒಂದರ ಮೇಲೊಂದು ಅಂಗಿ ಹಾಕಿಸಿ, ಗುಟುಕು ಗುಟುಕಾಗಿ ಬೆಚ್ಚಗಿನದು ಕುಡಿಸಿ, ಅವನ ನಡುಕ ನಿಲ್ಲುವವರೆಗೆ ಪಕ್ಕದಲ್ಲೇ ಕೂತರು. ಮುಂದಿನ ಶನಿವಾರ ಬೆಳಿಗ್ಗೆ ಅವರ ಮೊದಲ ಫೋನ್ ಹೋಗಿದ್ದು ಅವನಿಗೇ. ಆ ಸಲ ಅವನು ಆರು ಗಂಟೆ ಮುಗಿಸಿದ.

ನಾನು ಆರು ಜನರ ರಿಲೇ ತಂಡದಲ್ಲಿ ಹೋದೆ. ಒಬ್ಬೊಬ್ಬರು ಒಂದೊಂದು ಗಂಟೆ, ಸರದಿ ಬದಲಿಸುವ ಹಾಗಿಲ್ಲ. ಶೇಂಗಾ ಉಂಡಿ ಒಯ್ಯುತ್ತೇನೆ ಅಂದಾಗ ಉಪ್ಪಾದ ಬಾಯಿಗೆ ಅದು ಒಳಗೆ ಇಳಿಯುವುದಿಲ್ಲ ಅಂದರು. ಜೋಳದ ಹಿಟ್ಟಿನ ತೆಳು ಅಂಬಲಿಗೆ ಬೆಲ್ಲ ಹಾಕಿ ಕೊಟ್ಟಾಗ ಕುಡಿದು ನೋಡಿ, ಇದು ಸರಿ, ಇನ್ನೂ ಸ್ವಲ್ಪ ತೆಳ್ಳಗೆ ಮಾಡು ಅಂದರು. ಅವ್ವನಿಗೆ ಆ ಮಾತು ಇವತ್ತಿಗೂ ಹೆಮ್ಮೆ.

ಅವರು ಹೋದ ಮೇಲೆ ನನಗೆ ಜಾಸ್ತಿ ನೆನಪಾಗುತ್ತಿರುವುದು ನಮ್ಮ ಕಾಕಾ. ಹೊಲದ ಬಾವಿಯಲ್ಲಿ ನನ್ನ ಬೆನ್ನಿಗೆ ಖಾಲಿ ಕ್ಯಾನ್ ಕಟ್ಟಿ, ನಡುವಿಗೆ ಹಗ್ಗ ಬಿಗಿದು, ಹಗ್ಗದ ತುದಿ ಹಿಡಿದು ಮೆಟ್ಟಿಲ ಮೇಲೆ ನಿಲ್ಲುತ್ತಿದ್ದರು. ಹೆಣ್ಣುಹುಡುಗಿಗೆ ಈಸು ಯಾಕೆ ಅಂದವರಿಗೆ "ಬಾವ್ಯಾಗ ಬಿದ್ರ ಹುಡುಗ ಹುಡುಗಿ ಅಂತ ನೀರು ಕೇಳ್ತದೇನು?" ಅನ್ನುತ್ತಿದ್ದರು. ಈಗ ಬಹಳ ಬಾವಿಗಳ ಹತ್ತಿರ ಹಾಗೆ ನಿಲ್ಲುವವರಿಲ್ಲ. ಮಕ್ಕಳು ತಾವೇ ಕಾಲುವೆಗೆ, ಕೃಷಿ ಹೊಂಡಕ್ಕೆ, ಭೀಮಾ ನದಿಯ ಮಡುವಿಗೆ ಇಳಿಯುತ್ತಾರೆ. ಬೇಸಿಗೆ ರಜೆ ಬಂದರೆ ಪೇಪರಿನಲ್ಲಿ ಬರುವ ಸುದ್ದಿ ನಿಮಗೂ ಗೊತ್ತು. ಕೃಷಿ ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಮೇಲೆ ಕಾಲು ಜಾರಿದರೆ ಈಜು ಬಂದವರಿಗೂ ಮೇಲೆ ಹತ್ತುವುದು ಕಷ್ಟ. ಸುತ್ತ ಬೇಲಿ, ಒಳಗೆ ಇಳಿಬಿಟ್ಟ ಗಂಟು ಹಾಕಿದ ಒಂದು ಹಗ್ಗ, ಇಷ್ಟಾದರೂ ಇರಲೇಬೇಕು.

ಕಾಕಾನ ಮಗನ ಹತ್ತಿರ ಮಾತಾಡಿದ್ದೇನೆ. ರಜೆಯಲ್ಲಿ ನಮ್ಮ ಬಾವಿಯಲ್ಲಿ ನೀರಿದ್ದರೆ ಓಣಿಯ ಮಕ್ಕಳಿಗೆ ಬೆಳಗಿನ ಹೊತ್ತು ಕಲಿಸುವುದು, ಒಂದು ಸಲಕ್ಕೆ ಒಂದೇ ಮಗು ನೀರಲ್ಲಿ, ಹಗ್ಗ ಹಿಡಿದವರು ಮೊಬೈಲ್ ಮುಟ್ಟುವ ಹಾಗಿಲ್ಲ. ಒಂದು ನೋಟ್‌ಬುಕ್ ಕೂಡ ಇಡು ಅಂತ ಹೇಳಿದ್ದೇನೆ. ಯಾದಗಿರಿ, ಶಹಾಪುರ, ಸುರಪುರ ಕಡೆ ಹೆಣ್ಣುಮಕ್ಕಳಿಗೆ ಈಸು ಕಲಿಸುವ ಅಕ್ಕಂದಿರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಅವನೊಬ್ಬನೇ ಇದ್ದರೆ ಹುಡುಗಿಯರನ್ನು ಮನೆಯವರು ಕಳಿಸುವುದಿಲ್ಲ.