ಉಂಗುರದೊಳಗಿನ ಚುಕ್ಕೆ

ಮಂಗಳವಾರ, 12 ನವೆಂಬರ್ 2024

ರೋಗಿಗೆ ಇಪ್ಪತ್ತರ ಹರೆಯ, ಜ್ವರವಿಲ್ಲ, ತೂಕ ಇಳಿದಿಲ್ಲ, ಒಂದೇ ಒಂದು ಸಲ ಫಿಟ್ಸ್ ಬಂದಿದೆ. ಸಿಟಿ ಸ್ಕ್ಯಾನಿನಲ್ಲಿ ಮೆದುಳಿನ ಅಂಚಿಗೆ ಕಡಲೆಕಾಳಿನಷ್ಟು ಉಂಗುರ, ಸುತ್ತ ಊತ. ಒಳಗಿರುವುದು ಲಾಡಿಹುಳುವಿನ ಮರಿಯೋ ಕ್ಷಯದ ಗಂಟೋ? ಕ್ಷಯವೆಂದು ಬರೆದುಬಿಟ್ಟರೆ ತಿಂಗಳುಗಟ್ಟಲೆ ಮಾತ್ರೆ. ಹಿಂದೆ ಹಾಗೇ ಆಗುತ್ತಿತ್ತು. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ವೈದ್ಯರಾದ ಚಾಂಡಿ, ರಾಜಶೇಖರ್ ಮತ್ತವರ ಜೊತೆಗಾರರು ಇಂಥ ಸಣ್ಣ ಉಂಗುರಗಳನ್ನು ತೆಗೆದು ಪರೀಕ್ಷಿಸಿದಾಗ ಎಷ್ಟೋ ಕಡೆ ಸಿಕ್ಕಿದ್ದು ಹುಳುವೇ. 1990ರ ದಶಕದಿಂದ ಅವರ ಅಳತೆಗೋಲು ಬಳಕೆಯಲ್ಲಿದೆ: 20 ಮಿ.ಮೀ.ಗಿಂತ ಚಿಕ್ಕದು, ಮೆದುಳಿನ ನಡುಗೆರೆ ಪಕ್ಕಕ್ಕೆ ಸರಿದಿಲ್ಲ, ಕೈಕಾಲಿನ ಶಕ್ತಿ ದಿನೇ ದಿನೇ ಕುಂದುತ್ತಿಲ್ಲ ಎಂದರೆ ಹುಳುವಿನ ಕಡೆಗೇ ಒಲವು.

ಹುಳುವಿನ ತಲೆಯೇ ಕಣ್ಣಿಗೆ ಬಿದ್ದರೆ ವಾದವೇ ಮುಗಿಯಿತು. ಹುಳುವಿನ ಮರಿಯಿರುವ ನೀರುಗುಳ್ಳೆಯ ಒಂದು ಪಕ್ಕಕ್ಕೆ ಅಂಟಿದ ಚುಕ್ಕೆ ಅದು, ಒಂದೆರಡು ಮಿ.ಮೀ. ಅಷ್ಟೆ. ಎಡವುವುದೂ ಇಲ್ಲೇ. ಮಾಮೂಲಿ ಎಂಆರ್‌ಐಯ ಸ್ಲೈಸ್ (ಒಂದೊಂದು ಚಿತ್ರದ ಪದರ) 5 ಮಿ.ಮೀ. ದಪ್ಪ; ಆ ದಪ್ಪದಲ್ಲಿ ಚುಕ್ಕೆ, ನೀರು ಎರಡರ ಸಿಗ್ನಲ್ಲೂ ಕಲಸಿಹೋಗಿ ಚುಕ್ಕೆ ಮಾಯ. ನೀರನ್ನು ಬೆಳ್ಳಗೆ ತೋರಿಸುವ ಸಿಸ್ ಅಥವಾ ಫಿಯೆಸ್ಟಾ ಥರದ 3ಡಿ ಎಂಆರ್‌ಐ ಸೀಕ್ವೆನ್ಸನ್ನು 1 ಮಿ.ಮೀ. ಅಥವಾ ಅದಕ್ಕಿಂತ ತೆಳುವಾಗಿ, ನಡುವೆ ಗ್ಯಾಪ್ ಬಿಡದೆ ತೆಗೆಯಬೇಕು. ನಾಲ್ಕೈದು ನಿಮಿಷ ತಲೆ ಅಲ್ಲಾಡುವ ಹಾಗಿಲ್ಲ, ಕೆಮ್ಮಿದರೂ ಚಿತ್ರ ಮಸುಕು.

ಎಂಆರ್‌ಐಗೆ ರಕ್ತನಾಳಕ್ಕೆ ಕೊಡುವ ಕಾಂಟ್ರಾಸ್ಟ್ ಔಷಧಿ ಗ್ಯಾಡೋಲಿನಿಯಂನ ಲೆಕ್ಕ ಕೆಜಿಗೆ 0.1 ಮಿಲಿಮೋಲ್, 0.5 ಮೋಲಾರ್ ಔಷಧಿಯಾದರೆ 60 ಕೆಜಿಗೆ 12 ಮಿ.ಲೀ. ಕೊಟ್ಟು ಸುಮಾರು 5 ನಿಮಿಷ ಕಾಯುವುದು ಒಳ್ಳೆಯದು. ಸ್ಕ್ಯಾನಿಗೆ ಮುಂಚೆ ಸ್ಟೀರಾಯ್ಡ್ ಬಿದ್ದಿದೆಯೇ ಎಂದೂ ಕೇಳಬೇಕು, ಉಂಗುರವನ್ನೂ ಊತವನ್ನೂ ಅದು ಮಂಕಾಗಿಸಿರುತ್ತದೆ.

ಗಂಟಿನೊಳಗಿನ ರಾಸಾಯನಿಕಗಳನ್ನು ಶಿಖರಗಳಾಗಿ ತೋರಿಸುವ ಎಂಆರ್ ಸ್ಪೆಕ್ಟ್ರೋಸ್ಕೋಪಿಯಲ್ಲಿ, ಅದರ ಅಳತೆಪಟ್ಟಿಯ 1.3 ಪಿಪಿಎಂ ಬಳಿ ಕೊಬ್ಬಿನ ಶಿಖರ ಎದ್ದರೆ ಕ್ಷಯ ಅನ್ನುವುದುಂಟು. ನಂಬುವ ಮೊದಲು ಅಳೆಯುವ ಬಾಕ್ಸನ್ನು ಎಲ್ಲಿಟ್ಟಿದ್ದಾರೆ ನೋಡಿ. ಗಂಟು ತಲೆಬುರುಡೆಗೆ ಹತ್ತಿರವಿದ್ದರೆ ನೆತ್ತಿಯ ಚರ್ಮದಡಿಯ ಕೊಬ್ಬು ಸೋರಿಬಂದು ಅದೇ ಜಾಗದಲ್ಲಿ ಅದೇ ಶಿಖರ ಎಬ್ಬಿಸುತ್ತದೆ. ಕೀವಿನ ಗಡ್ಡೆಯ ಅನುಮಾನವಿದ್ದರೆ ನೀರಿನ ಕಣಗಳ ಚಲನೆ ತೋರಿಸುವ ಡಿಫ್ಯೂಷನ್ ಎಂಆರ್‌ಐ ಸಹಾಯಕ್ಕೆ ಬರುತ್ತದೆ, ಆದರೆ ಡಿಫ್ಯೂಷನ್ ಚಿತ್ರದಲ್ಲಿ ಬಿಳಿ, ಅದರಿಂದಲೇ ಲೆಕ್ಕಹಾಕುವ ಎಡಿಸಿ ನಕ್ಷೆಯಲ್ಲಿ ಕಪ್ಪು, ಎರಡೂ ಕೂಡಿಬರಬೇಕು.

“ನಾವು ಹಂದಿ ಮಾಂಸ ಮುಟ್ಟೋದೇ ಇಲ್ಲ, ಹುಳ ಎಲ್ಲಿಂದ ಬಂತು?” ಎಂಬ ಪ್ರಶ್ನೆ ತಪ್ಪಿದ್ದಲ್ಲ. ಮಾಂಸದಿಂದ ಬರುವುದು ಕರುಳಿನ ಲಾಡಿಹುಳು. ಮೆದುಳಿಗೆ ಮರಿ ಸೇರುವುದು ಮೊಟ್ಟೆ ನುಂಗಿದಾಗ. ಆ ಮೊಟ್ಟೆ ಲಾಡಿಹುಳುವಿರುವವರ ಮಲದಿಂದ ಕೈಗೋ ಹಸಿ ಸೊಪ್ಪಿಗೋ ಹತ್ತಿರುತ್ತದೆ. ಹಾಗಾಗಿ ಸ್ಕ್ಯಾನ್ ಫಾರಂನಲ್ಲಿ ‘ಸಸ್ಯಾಹಾರಿ’ ಎಂದು ಕಂಡಕೂಡಲೇ ಹುಳುವನ್ನು ಕೈಬಿಡಬಾರದು.

ಸಾಯುತ್ತಿರುವ ಹುಳುವಿನಲ್ಲಿ ಚುಕ್ಕೆಯೇ ಕರಗಿಹೋಗಿರಬಹುದು. ಆಗ ಕೆಲವು ತಿಂಗಳ ಬಳಿಕ ಮತ್ತೆ ಸ್ಕ್ಯಾನ್, ಅದೇ ಕೋನ, ಅದೇ ದಪ್ಪದಲ್ಲಿ. ಇಲ್ಲದಿದ್ದರೆ ಉಂಗುರ 2 ಮಿ.ಮೀ. ಕುಗ್ಗಿತೋ ಸ್ಲೈಸೇ ಜಾರಿತೋ ಹೇಳಲಾಗದು. ಹುಳು ಸತ್ತು ಸುಣ್ಣಗಟ್ಟಿದ್ದರೆ ಮಾಮೂಲಿ ಎಂಆರ್‌ಐಗೆ ಅದು ಸಿಗದೆಯೂ ಹೋಗಬಹುದು. ಕಾಂಟ್ರಾಸ್ಟ್ ಇಲ್ಲದ ಅಗ್ಗದ ಸಿಟಿಯಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕೆಯಾಗಿ ಎದ್ದು ಕಾಣುತ್ತದೆ.