ಬೋನಾಳದ ಹೆಬ್ಬಾತುಗಳು, ಸುರಪುರದ ರೊಟ್ಟಿ

ಯಾದಗಿರಿ ಜಿಲ್ಲೆಯ ಬೋನಾಳ ಕೆರೆಯ ಪಕ್ಷಿಧಾಮಕ್ಕೆ ಹೋಗುವವರು ಸುರಪುರದಲ್ಲಿ ಆಟೋ ಹತ್ತುವ ಮೊದಲೇ ಕಾಯುವ ಹೊತ್ತಿನ ಹಣವನ್ನೂ ಮಾತಾಡಿಕೊಳ್ಳಿ. ಕೆರೆಯ ಹತ್ತಿರ ಮೂರು ತಾಸು ಇರುತ್ತೇವೆ ಎಂದು ಸ್ಪಷ್ಟವಾಗಿ ಹೇಳಿಯೇ ನಾವು 600 ರೂಪಾಯಿಗೆ ಒಪ್ಪಿಸಿದ್ದೆವು. ಮರಳಿ ಬಂದು ಇಳಿದಾಗ ಚಾಲಕ, "ಕಾದದ್ದಕ್ಕೆ ಬೇರೆ ಕೊಡಬೇಕು ಅಕ್ಕಾ" ಎಂದು 1,200 ಕೇಳಿದ. ನಾವು ವಾದಿಸಿದಷ್ಟೂ ಸುತ್ತ ಜನ ಸೇರಿದರು, ಕೊಟ್ಟು ಬಂದೆವು. ಇದು ಅನ್ಯಾಯವೇ.

ನವೆಂಬರ್‌ನಿಂದ ಫೆಬ್ರುವರಿಯವರೆಗೆ ಹೋಗಿ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಆಗ ಇಲ್ಲಿರುತ್ತವೆ. ರಾತ್ರಿ ಹೊಲಗಳಲ್ಲಿ ಮೇಯ್ದು ಬೆಳಿಗ್ಗೆ ನೀರಿಗೆ ಇಳಿಯುತ್ತವೆ. ಹಾಗಾಗಿ ಬೆಳಕು ಹರಿಯುವ ಮುನ್ನ ಕೆರೆಯ ದಂಡೆಯಲ್ಲಿರಬೇಕು, ಸೂರ್ಯ ಬೆನ್ನಿಗಿರಬೇಕು.

ಗಂಡ ಹೆಂಡತಿ ಸೇರಿ ಈ ಹವ್ಯಾಸ ಹಚ್ಚಿಕೊಳ್ಳುವುದಾದರೆ ಎರಡು ಕ್ಯಾಮೆರಾ ಕೊಳ್ಳಬೇಡಿ. ಒಂದು ಕ್ಯಾಮೆರಾ, ದೂರದ್ದನ್ನು ಹತ್ತಿರ ತರುವ 300 ಎಂ.ಎಂ. ಲೆನ್ಸ್, ಒಂದು ದುರ್ಬೀನು ಸಾಕು. ನಮ್ಮ ಮನೆಯವರು ದುರ್ಬೀನು ಹಿಡಿದು ಕುಳಿತರು. ಹಾರುವ ಮೊದಲು ಹೆಬ್ಬಾತುಗಳು ಕತ್ತು ನಿಮಿರಿಸಿ ತಲೆ ಕೊಡವುತ್ತವೆ ಎಂಬುದನ್ನು ಕಂಡುಹಿಡಿದವರು ಅವರೇ. "ಈಗ" ಎಂದ ಕೂಡಲೇ ನಾನು ಒತ್ತುತ್ತಿದ್ದೆ. ಶಟರ್ ವೇಗ 1/1600 ಸೆಕೆಂಡ್ ಇಟ್ಟದ್ದರಿಂದ ರೆಕ್ಕೆಯಿಂದ ಸಿಡಿದ ಹನಿಗಳೂ ಬಿಡಿಬಿಡಿಯಾಗಿ ಬಂದಿವೆ. ಒಬ್ಬರೇ ಇದ್ದಿದ್ದರೆ ಆ ಚಿತ್ರ ಸಿಗುತ್ತಿರಲಿಲ್ಲ. ಮನೆಯಲ್ಲಿ ಹಾಲಿನ ಲೆಕ್ಕ, ಮಗನ ಫೀಸು ಬಿಟ್ಟರೆ ಬೇರೆ ಮಾತಿಲ್ಲದ ನಾವಿಬ್ಬರೂ ಒಂದು ಬಾತಿನ ಕತ್ತಿನ ಬಣ್ಣದ ಬಗ್ಗೆ ಅರ್ಧ ತಾಸು ಮಾತಾಡಿದೆವು.

ನಾವು ಉಳಿದ ಲಾಡ್ಜಿನಲ್ಲಿ ಬಿಸಿನೀರು ಬರುತ್ತಿದ್ದದ್ದು ಬೆಳಿಗ್ಗೆ ಏಳು ಗಂಟೆಗೆ. ಹಕ್ಕಿ ನೋಡುವವರಿಗೆ ಅದು ಉಪಯೋಗವಿಲ್ಲ. ಆ ಕೋಣೆಗೆ ಕೊಟ್ಟ 1,500 ರೂಪಾಯಿ ದುಬಾರಿಯೇ.

ಊಟಕ್ಕೆ ಮಾತ್ರ ಸುರಪುರದ ಖಾನಾವಳಿಗಳನ್ನೇ ಹುಡುಕಿ. ನಾವು ಉಂಡದ್ದು ನಾಲ್ಕೇ ಮೇಜಿರುವ ಕಡೆ. ಒಲೆಯ ಮುಂದೆ ಕುಳಿತ ಅಮ್ಮ ಜೋಳದ ರೊಟ್ಟಿಯನ್ನು ಕೈಯಲ್ಲೇ ತಟ್ಟಿ, ಹಂಚಿನ ಮೇಲೆ ನೀರು ಸವರಿ, ಉಬ್ಬಿದ ಕೂಡಲೇ ತಾಟಿಗೆ ಹಾಕುತ್ತಿದ್ದರು. ಜೊತೆಗೆ ಹುಳಿ ಪುಂಡಿಸೊಪ್ಪಿನ ಪುಂಡಿಪಲ್ಲೆ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಪುಂಡಿಪಲ್ಲೆಯ ಹುಳಿಗೆ ಬೆಳ್ಳುಳ್ಳಿ ಒಗ್ಗರಣೆ ಹದವಾಗಿ ಹೊಂದಿತ್ತು. ಬೇಡವೆಂದರೂ ಇನ್ನೊಂದು ರೊಟ್ಟಿ ಬೀಳುತ್ತದೆ. ಇಬ್ಬರಿಗೆ 160 ರೂಪಾಯಿ! ಮರುದಿನದ ಬುತ್ತಿಗೆ ಗರಿಗರಿಯಾಗಿ ಒಣಗಿಸಿದ ಕಟಕ್ ರೊಟ್ಟಿಯನ್ನೂ ಕಟ್ಟಿಕೊಟ್ಟರು.

ಭಾನುವಾರ ಹೋಗಬೇಡಿ. ಗದ್ದಲಕ್ಕೆ ಬಾತುಗಳು ಕೆರೆಯ ನಡುವಿಗೆ ಸರಿಯುತ್ತವೆ, 300ರ ಲೆನ್ಸಿಗೆ ಎಟುಕುವುದಿಲ್ಲ.