ವಿಮಾನದ ಎಂಜಿನ್ ಇಷ್ಟೊಂದು ಆಯಿಲ್ ಕುಡಿಯುತ್ತಲ್ಲ, ಕೆಟ್ಟಿದೆಯಾ?

"ಕಾರಿಗೆ ಒಂದು ಸರ್ವಿಸ್‌ನಿಂದ ಇನ್ನೊಂದು ಸರ್ವಿಸ್‌ವರೆಗೆ ಆಯಿಲ್ ಡಬ್ಬಿ ಮುಟ್ಟುವ ಕೆಲಸವೇ ಇಲ್ಲ. ಇದಕ್ಕೆ ಎಂಟು ಗಂಟೆ ಹಾರಾಟಕ್ಕೊಂದು ಕ್ವಾರ್ಟ್ (ಲೀಟರಿಗೆ ತುಸು ಕಡಿಮೆ) ಸುರಿಯಬೇಕಂತೆ. ಎಂಜಿನ್ ಹೋಗಿದೆಯಾ?" ಪೈಲಟ್ ತರಬೇತಿಗೆ ಹೊಸದಾಗಿ ಸೇರಿದವರು ಕೇಳುವ ಪ್ರಶ್ನೆ ಇದು. ಸೆಸ್ನಾದಂಥ ಹಳೆಯ ಸಣ್ಣ ವಿಮಾನ ಕೊಳ್ಳಲು ಹೊರಟವರೂ ಇದನ್ನೇ ಕೇಳುತ್ತಾರೆ, ಸ್ವಲ್ಪ ಗಾಬರಿಯಲ್ಲಿ.

ಎಂಟು ಗಂಟೆಗೊಂದು ಕ್ವಾರ್ಟ್ ಅಂದರೆ ಎಂಜಿನ್ ಚೆನ್ನಾಗಿದೆ. ನಾಲ್ಕು ಗಂಟೆಗೊಂದು ಆದರೂ ಹಾರಾಟ ನಿಲ್ಲಿಸಬೇಕಿಲ್ಲ. ಆದರೆ ಹತ್ತು ಗಂಟೆಗೊಂದು ಇದ್ದದ್ದು ಇಪ್ಪತ್ತೈದು ಗಂಟೆ ಹಾರುವಷ್ಟರಲ್ಲಿ ನಾಲ್ಕಕ್ಕೊಂದು ಆಗಿದ್ದರೆ ಕೌಲಿಂಗ್, ಅಂದರೆ ಎಂಜಿನ್ನಿನ ಹೊದಿಕೆ, ಬಿಚ್ಚಿ ನೋಡಲೇಬೇಕು. ಎಷ್ಟು ಆಯಿಲ್ ಖರ್ಚಾಯಿತು ಅನ್ನುವುದಕ್ಕಿಂತ ಎಷ್ಟು ಬೇಗ ಬದಲಾಯಿತು, ಆಯಿಲ್ ಯಾವ ದಾರಿಯಲ್ಲಿ ಹೋಯಿತು ಅನ್ನುವುದೇ ನಮಗೆ ಮುಖ್ಯ.

ಮೊದಲು ಕಾರಿನ ಹೋಲಿಕೆ ಮುಗಿಸೋಣ. ಸೆಸ್ನಾ 172ಎಸ್‌ನಲ್ಲಿರುವ, ಲೈಕಮಿಂಗ್ ಕಂಪನಿಯ ನಾಲ್ಕು ಸಿಲಿಂಡರಿನ ಐಒ-360 ಎಂಜಿನ್ನಿನ ಒಂದೊಂದು ಸಿಲಿಂಡರೂ ಸುಮಾರು ಒಂದೂವರೆ ಲೀಟರಿನದು. ಅಂದರೆ ಸಣ್ಣ ಕಾರೊಂದರ ಇಡೀ ಎಂಜಿನ್ನಿಗಿಂತ ದೊಡ್ಡದು. ಪಿಸ್ಟನ್ನಿನ ಅಗಲ 130 ಮಿಲಿಮೀಟರ್. ತಣಿಸಲು ನೀರಿಲ್ಲ, ಬೀಸುವ ಗಾಳಿ ಮಾತ್ರ. ಬೆಳಗ್ಗೆ ತಣ್ಣಗಿದ್ದ ಸಿಲಿಂಡರ್ ಹೆಡ್ ಏರುವಾಗ 200 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗುತ್ತದೆ. ಅಲ್ಯೂಮಿನಿಯಂ ಪಿಸ್ಟನ್ ಅದು ಓಡಾಡುವ ಉಕ್ಕಿನ ಕೊಳವೆಗಿಂತ, ಅಂದರೆ ಬ್ಯಾರಲ್‌ಗಿಂತ, ಹೆಚ್ಚು ಹಿಗ್ಗುವುದರಿಂದ ಸಂದು ಬಿಟ್ಟೇ ಕಟ್ಟಬೇಕು. ಬ್ಯಾರಲ್ಲಿನ ಮೇಲ್ತುದಿಯನ್ನು ತಣ್ಣಗಿದ್ದಾಗ ತುಸು ಕಿರಿದಾಗಿ ಕೊರೆದಿರುತ್ತಾರೆ, ಕಾದ ಮೇಲೆ ನೇರವಾಗಲಿ ಎಂದು. ಇಂಥ ಎಂಜಿನ್ನಿನಲ್ಲಿ ಒಂದಷ್ಟು ಆಯಿಲ್ ಪಿಸ್ಟನ್ನಿನ ಸುತ್ತಲಿನ ರಿಂಗ್ ದಾಟಿ ಉರಿಯುವುದು ಕಟ್ಟಿದವರ ಲೆಕ್ಕದಲ್ಲೇ ಇದೆ. ಎಂಟು ಗಂಟೆಯಲ್ಲಿ ಈ ವಿಮಾನ ಕುಡಿಯುವ ಪೆಟ್ರೋಲ್ ಸುಮಾರು 260 ಲೀಟರ್; ಒಂದು ಕ್ವಾರ್ಟ್ ಆಯಿಲ್ ಒಂದು ಲೀಟರಿಗೂ ತುಸು ಕಡಿಮೆ. ನೂರಕ್ಕೆ ಅರ್ಧ ಪಾಲೂ ಆಗಲಿಲ್ಲ.

ಲೈಕಮಿಂಗ್ ಒಂದು ಗರಿಷ್ಠ ಮಿತಿಯ ಸೂತ್ರ ಕೊಟ್ಟಿದೆ: 0.006 ಅನ್ನು ಅಶ್ವಶಕ್ತಿಯಿಂದ ಗುಣಿಸಿ, 4ರಿಂದ ಗುಣಿಸಿ, 7.4ರಿಂದ ಭಾಗಿಸಿ. ಬರುವುದು ಗಂಟೆಗೆ ಇಷ್ಟು ಕ್ವಾರ್ಟ್ ಎಂಬ ಅಂಕಿ. 7.4 ಅಂದರೆ ಒಂದು ಗ್ಯಾಲನ್ ಆಯಿಲ್ ತೂಗುವ ಪೌಂಡ್. 180 ಅಶ್ವಶಕ್ತಿಗೆ 0.58 ಬರುತ್ತದೆ. ಶೇ. 65 ಶಕ್ತಿಯಲ್ಲಿ, ಅಂದರೆ 117 ಅಶ್ವಶಕ್ತಿಯಲ್ಲಿ, 0.38, ಹೆಚ್ಚುಕಡಿಮೆ ಎರಡೂಮುಕ್ಕಾಲು ಗಂಟೆಗೊಂದು ಕ್ವಾರ್ಟ್. ಇದು ಕಾಗದದ ಮೇಲಿನ ಮಿತಿ. ಇಲ್ಲಿಯವರೆಗೂ ಹೋಗಲಿ ಎಂದು ಕಾಯುವವರು ಜಾಣರಲ್ಲ. ಮಿತಿಯ ಅಂಚಿನಲ್ಲಿರುವ ಎಂಜಿನ್ 7 ಕ್ವಾರ್ಟ್‌ನೊಂದಿಗೆ ಹೊರಟು ನಾಲ್ಕು ಗಂಟೆ ಹಾರಿದರೆ ಇಳಿಯುವಾಗ ಐದೂವರೆ ಉಳಿದಿರುತ್ತದೆ. 172ಎಸ್ ಕೈಪಿಡಿಯ ಪ್ರಕಾರ 5ಕ್ಕಿಂತ ಕಡಿಮೆ ಇದ್ದರೆ ಹೊರಡುವಂತಿಲ್ಲ.

ಇನ್ನು ನಿಜವಾದ ವಿಷಯ. ನಮ್ಮ ಹತ್ತಿರ ಬರುವ "ಕುಡಿಯುತ್ತೆ" ದೂರುಗಳಲ್ಲಿ ಎಷ್ಟೋ ದೂರುಗಳಿಗೆ ಕಾರಣ ಅತಿಯಾಗಿ ತುಂಬುವುದು. ಆಯಿಲ್ ನಿಲ್ಲುವ ತಳದ ತೊಟ್ಟಿ, ಅಂದರೆ ಸಂಪ್, 8 ಕ್ವಾರ್ಟಿನದು, ಆದ್ದರಿಂದ ಪ್ರತಿ ಹಾರಾಟಕ್ಕೂ ಮುಂಚೆ 8ರ ಗೆರೆಗೆ ತುಂಬಿಸುವುದು ಶಿಸ್ತು ಎಂದು ಬಹಳ ಜನ ಅಂದುಕೊಂಡಿದ್ದಾರೆ. ಒಳಗೆ ಕ್ರ್ಯಾಂಕ್‌ಶಾಫ್ಟ್ ನಿಮಿಷಕ್ಕೆ 2,400 ಸುತ್ತು ತಿರುಗುತ್ತಾ ಆಯಿಲನ್ನು ಮಂಜಿನಂತೆ ಎರಚುತ್ತಿರುತ್ತದೆ. ರಿಂಗ್ ದಾಟಿ ಬಂದ ಹೊಗೆ ಆ ಮಂಜನ್ನು ಹೊತ್ತುಕೊಂಡು ಬ್ರೀದರ್ ಕೊಳವೆಯಿಂದ ಹೊರಬೀಳುತ್ತದೆ. ಮಟ್ಟ ಮೇಲಿದ್ದಷ್ಟೂ ಹೊರಬೀಳುವುದು ಹೆಚ್ಚು. ಎಂಟನೆಯ ಕ್ವಾರ್ಟ್ ಎರಡು ಮೂರು ಗಂಟೆಯಲ್ಲಿ ವಿಮಾನದ ಹೊಟ್ಟೆಗೆ ಬಳಿದುಕೊಂಡಿರುತ್ತದೆ. ಏಳರಿಂದ ಆರಕ್ಕೆ ಇಳಿಯಲು ಅದೇ ಎಂಜಿನ್ ಹತ್ತು ಗಂಟೆ ತೆಗೆದುಕೊಳ್ಳಬಹುದು. ದಿನಾ ಎಂಟಕ್ಕೆ ತುಂಬುವವರು ಆ ಎಂಟನೆಯ ಕ್ವಾರ್ಟನ್ನೇ ಮತ್ತೆ ಮತ್ತೆ ಕೊಂಡು ಗಾಳಿಗೆ ಚೆಲ್ಲುತ್ತಿದ್ದಾರೆ.

ನಿಮ್ಮ ಎಂಜಿನ್ ಎಲ್ಲಿ ನಿಲ್ಲುತ್ತದೆ ಎಂದು ಕಂಡುಕೊಳ್ಳುವುದು ಸುಲಭ. ಒಮ್ಮೆ 8ಕ್ಕೆ ತುಂಬಿ, ಆಮೇಲೆ ಕನಿಷ್ಠ ಗೆರೆಗಿಂತ ಮೇಲೆ ಇರುವವರೆಗೆ ಮುಟ್ಟಬೇಡಿ. ಪ್ರತಿ ಅರ್ಧ ಕ್ವಾರ್ಟ್ ಇಳಿದಾಗ ಟ್ಯಾಕೊಮೀಟರ್ ತೋರಿಸುವ ಎಂಜಿನ್ ಓಡಿದ ಗಂಟೆ ಬರೆದಿಡಿ. ಇಳಿಕೆ ನಿಧಾನವಾಗುವ ಗೆರೆಯೇ ದಿನನಿತ್ಯದ ಗೆರೆ. ಈ ಎಂಜಿನ್ನುಗಳಲ್ಲಿ ಅದು ಬಹುಮಟ್ಟಿಗೆ 6ರಿಂದ 7ರ ನಡುವೆ. ದೂರದ ಹಾರಾಟಕ್ಕೆ ಮಾತ್ರ 8. ಅಳತೆ ಬೆಳಗಿನ ಮೊದಲ ಹಾರಾಟಕ್ಕೆ ಮುಂಚೆ, ವಿಮಾನ ಅದೇ ಸಮತಟ್ಟಾದ ಜಾಗದಲ್ಲಿ ನಿಂತಿರುವಾಗ ಆಗಬೇಕು. ಇಳಿದ ತಕ್ಷಣ ಡಿಪ್‌ಸ್ಟಿಕ್ ಎಳೆದು ನೋಡಿದರೆ ಒಂದಷ್ಟು ಆಯಿಲ್ ಇನ್ನೂ ಮೇಲೆಯೇ ಅಂಟಿಕೊಂಡಿರುತ್ತದೆ. ಅದನ್ನು ನಂಬಿ ಒಂದು ಕ್ವಾರ್ಟ್ ಸುರಿದವರಿಗೆ ಮಾರನೆಯ ಬೆಳಗ್ಗೆ ಗೆರೆ ಮೀರಿದ್ದು ಕಾಣುತ್ತದೆ.

ಇದಕ್ಕೆ ತಿರುಗುಮುರುಗಿನ ಮೋಸವೂ ಒಂದಿದೆ. ಬರೀ ಸರ್ಕ್ಯೂಟ್, ಅಂದರೆ ರನ್‌ವೇ ಸುತ್ತಲಿನ ಚಿಕ್ಕ ಸುತ್ತು, ಹಾರುವ ವಿಮಾನದ ಆಯಿಲ್ ಸರಿಯಾಗಿ ಕಾಯುವುದಿಲ್ಲ. ಉರಿದ ಪೆಟ್ರೋಲಿನ ನೀರಾವಿ ಸಂಪಿನಲ್ಲೇ ಉಳಿದು ಮಟ್ಟ ಇಳಿಯದಂತೆ ಕಾಣುತ್ತದೆ. "ನಮ್ಮದು ಆಯಿಲ್ಲೇ ಕುಡಿಯಲ್ಲ" ಎಂದು ಬೀಗುತ್ತಿರುವಾಗ ಒಂದು ದಿನ ಮೂರು ಗಂಟೆಯ ಹಾರಾಟ ಆಗುತ್ತದೆ, ನೀರು ಕುದಿದು ಬ್ರೀದರ್‌ನಲ್ಲಿ ಹೋಗುತ್ತದೆ, ಮಟ್ಟ ಒಮ್ಮೆಗೇ ಕುಸಿಯುತ್ತದೆ. ಎಂಜಿನ್ ಅಂದು ಕೆಟ್ಟದ್ದಲ್ಲ.

ಇವೆಲ್ಲ ಕಳೆದ ಮೇಲೂ ಖರ್ಚು ಏರುತ್ತಿದ್ದರೆ ಮೊದಲು ಸೋರಿಕೆ ನೋಡಿ. ಎಂಜಿನ್ ತೊಳೆದು, ಒಣಗಿಸಿ, ಹತ್ತು ನಿಮಿಷ ಓಡಿಸಿ, ಟಾರ್ಚ್ ಹಿಡಿದು ನೋಡಿದರೆ ಸಾಕು. ಪುಶ್‌ರಾಡ್ ಕೊಳವೆಗಳ ಸೀಲ್, ವಾಲ್ವ್ ಒತ್ತುವ ರಾಕರಿನ ಕವರಿನ ಗ್ಯಾಸ್ಕೆಟ್, ರಾಕರ್‌ನಿಂದ ಸಂಪಿಗೆ ಆಯಿಲ್ ಇಳಿಸುವ ಕೊಳವೆಯ ರಬ್ಬರ್ ತುಂಡು, ವ್ಯಾಕ್ಯೂಮ್ ಪಂಪ್ ಕೂರುವ ಜಾಗ, ಪ್ರೊಪೆಲರ್ ಹಿಂದಿನ ಕ್ರ್ಯಾಂಕ್‌ಶಾಫ್ಟ್ ಸೀಲ್. ಆ ರಬ್ಬರ್ ತುಂಡು ಶಾಖಕ್ಕೆ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ನಾಲ್ಕೂ ಸಿಲಿಂಡರಿನವನ್ನು ಒಟ್ಟಿಗೆ ಬದಲಿಸಿ. ಹೊಟ್ಟೆಯೆಲ್ಲ ಕಪ್ಪಾಗಿದೆ ಎಂದ ಮಾತ್ರಕ್ಕೆ ಲೀಟರ್‌ಗಟ್ಟಲೆ ಸೋರಿದೆ ಎಂದಲ್ಲ. ಎರಡು ಚಮಚ ಆಯಿಲ್ ಗಾಳಿಯ ರಭಸಕ್ಕೆ ಬಾಲದವರೆಗೂ ಹರಡುತ್ತದೆ.

ಹೊರಗೆ ಒಣಗಿದ್ದರೆ ಒಳಗೆ ಉರಿಯುತ್ತಿದೆ. ಯಾವ ಸಿಲಿಂಡರಿನಲ್ಲಿ? ಅದರ ಕೆಳಗಿನ ಸ್ಪಾರ್ಕ್ ಪ್ಲಗ್ ಹೇಳುತ್ತದೆ. ಸಿಲಿಂಡರುಗಳು ಅಡ್ಡ ಮಲಗಿರುವುದರಿಂದ ರಿಂಗ್ ದಾಟಿದ ಆಯಿಲ್ ಕೆಳಗೆ ಸೇರಿ ಆ ಪ್ಲಗ್ಗನ್ನು ನೆನೆಸುತ್ತದೆ. ನಾಲ್ಕನ್ನೂ ಬಿಚ್ಚಿ ಸಂಖ್ಯೆ ಬರೆದ ಟ್ರೇಯಲ್ಲಿಡಿ. ಮೂರು ಒಣ ಬೂದುಬಣ್ಣ, ಒಂದು ಒದ್ದೆ ಕಪ್ಪು ಇದ್ದರೆ ಕಳ್ಳ ಸಿಕ್ಕಿದ. ಅದೇ ರಂಧ್ರದಿಂದ ಬೋರ್‌ಸ್ಕೋಪ್, ಅಂದರೆ ಒಳಗೆ ನೋಡುವ ಪುಟ್ಟ ಕ್ಯಾಮೆರಾ, ಇಳಿಸಿ ಪಿಸ್ಟನ್ನಿನ ತಲೆ ನೋಡಿ. ಅಂಚಿನಲ್ಲಿ ಮಸಿ ತೊಳೆದಂತೆ ಲೋಹ ಹೊಳೆಯುತ್ತಿದ್ದರೆ ಆಯಿಲ್ ಅಲ್ಲಿಂದಲೇ ಬರುತ್ತಿದೆ.

ಇಲ್ಲಿ ಎಲ್ಲರೂ ಎಡವುವುದು ಕಂಪ್ರೆಶನ್ ಪರೀಕ್ಷೆಯಲ್ಲಿ. ಸಿಲಿಂಡರಿಗೆ 80 ಪಿಎಸ್‌ಐ ಒತ್ತಡದ ಗಾಳಿ ಕೊಟ್ಟಾಗ 76 ನಿಂತಿತು, ಹಾಗಾದರೆ ಆಯಿಲ್ ಯಾಕೆ ಹೋಗುತ್ತದೆ ಎಂದು ತಲೆ ಕೆರೆದುಕೊಳ್ಳುತ್ತಾರೆ. ಗಾಳಿ ತಡೆಯುವುದು ಮೇಲಿನ ರಿಂಗುಗಳು. ಗೋಡೆಯ ಆಯಿಲನ್ನು ಕೆರೆದು ಕೆಳಗಿಳಿಸುವುದು ಬೇರೆಯದೇ ಆದ ಆಯಿಲ್ ರಿಂಗ್. ಅದರ ಸಂದುಗಳಲ್ಲಿ ಕರಿ ಮತ್ತು 100 ಎಲ್‌ಎಲ್ ಎಂಬ ವಿಮಾನದ ಪೆಟ್ರೋಲಿನ ಸೀಸದ ಗಸಿ ತುಂಬಿ ಅದು ಜಾಗದಲ್ಲೇ ಸಿಕ್ಕಿಕೊಂಡರೆ, ಕಂಪ್ರೆಶನ್ 76 ಇದ್ದೂ ಪ್ಲಗ್ ಒದ್ದೆಯಾಗುತ್ತದೆ. ಇತ್ತ 62 ನಿಂತು, ಎಗ್ಸಾಸ್ಟ್ ಕೊಳವೆಯಲ್ಲಿ ಬುಸ್ ಎನ್ನುವ ಸದ್ದು ಕೇಳಿದರೆ ಅದು ವಾಲ್ವಿನ ತೊಂದರೆ. ಆಯಿಲ್ ಖರ್ಚಿಗೂ ಅದಕ್ಕೂ ಸಂಬಂಧವಿಲ್ಲ. ಆಯಿಲ್ ಸುರಿಯುವ ಬಾಯಿಯಲ್ಲಿ ಸದ್ದು ಕೇಳಿದರೆ ಮಾತ್ರ ರಿಂಗ್ ಕಡೆ ಬೆರಳು ತೋರಿಸಿ. ಮೂರನೆಯ ದಾರಿ ವಾಲ್ವ್ ಗೈಡ್, ಅಂದರೆ ವಾಲ್ವಿನ ಕಡ್ಡಿ ಓಡಾಡುವ ಕೊಳವೆ. ಇನ್‌ಟೇಕ್ ಗೈಡ್ ಸವೆದಿದ್ದರೆ ಐಡಲ್‌ನಲ್ಲಿ ಒಳಗಿನ ಎಳೆತಕ್ಕೆ ರಾಕರ್ ಕಡೆಯ ಆಯಿಲ್ ಜಾರಿ ಬರುತ್ತದೆ. ದೀರ್ಘ ಇಳಿತದ ನಂತರ ಥ್ರಾಟಲ್ ಕೊಟ್ಟಾಗ ನೀಲಿ ಹೊಗೆ ಬಂದರೆ ಅದನ್ನು ಶಂಕಿಸಿ.

ಏರಿಕೆ ಒಮ್ಮೆಗೇ ಆಗಿದ್ದರೆ ಫಿಲ್ಟರ್ ಕತ್ತರಿಸಿ ಮಡಿಕೆಗಳನ್ನು ಬಿಡಿಸಿ ನೋಡದೆ ಮುಂದಿನ ಹಾರಾಟವಿಲ್ಲ. ಅಯಸ್ಕಾಂತಕ್ಕೆ ಅಂಟುವ ಚೂರು ಉಕ್ಕಿನದು, ರಿಂಗ್ ಮುರಿದಿರಬಹುದು. ಅಂಟದ ಬಿಳಿ ಚಕ್ಕೆ ಅಲ್ಯೂಮಿನಿಯಂ, ಅಂದರೆ ಪಿಸ್ಟನ್ ಅಥವಾ ಪಿಸ್ಟನ್ ಪಿನ್ನಿನ ಬಿರಡೆ. ಎರಡಕ್ಕೂ ಸಿಲಿಂಡರ್ ಇಳಿಸಲೇಬೇಕು, ಇಲ್ಲಿ ಚೌಕಾಸಿ ಇಲ್ಲ.

ಹೊಸ ಸಿಲಿಂಡರ್ ಹಾಕಿಸಿದವರಿಗೆ ಒಂದು ಮಾತು. ಮೊದಲ 50 ಗಂಟೆ, ಅಥವಾ ಖರ್ಚು ಒಂದು ಅಂಕಿಗೆ ಬಂದು ನಿಲ್ಲುವವರೆಗೆ, ಸಾಮಾನ್ಯವಾಗಿ ಬರಿಯ ಮಿನರಲ್ ಆಯಿಲ್. ಹಾರುವುದು ಶೇ. 65ರಿಂದ 75 ಶಕ್ತಿಯಲ್ಲಿ, ಮೂತಿ ತಗ್ಗಿಸಿ, ಗಾಳಿ ಚೆನ್ನಾಗಿ ಬೀಳುವಂತೆ. ಪಾಪ ಎಂದು ಎಂಜಿನ್ನನ್ನು ಮೆಲ್ಲಗೆ ಓಡಿಸುವುದೇ ಇಲ್ಲಿ ದೊಡ್ಡ ತಪ್ಪು. ಒತ್ತಡ ಸಾಲದಿದ್ದರೆ ರಿಂಗ್ ಗೋಡೆಗೆ ಒತ್ತಿ ಕೂರುವುದಿಲ್ಲ. ಗೋಡೆಯನ್ನು ಉಜ್ಜಿ ಮಾಡಿದ ಹೋನಿಂಗ್ ಗೀರುಗಳಲ್ಲಿ ಆಯಿಲ್ ಸುಟ್ಟು ಗಾಜಿನಂಥ ಪದರವಾಗುತ್ತದೆ. ಆಮೇಲೆ ಎಷ್ಟು ಹಾರಿದರೂ ಖರ್ಚು ಇಳಿಯದು. ಸಿಲಿಂಡರ್ ಮತ್ತೆ ಇಳಿಸಿ, ಹೋನ್ ಮಾಡಿ, ಹೊಸ ರಿಂಗ್ ಹಾಕುವುದೊಂದೇ ದಾರಿ. ಕ್ರೋಮ್ ಲೇಪದ ಬ್ಯಾರಲ್‌ಗೆ ಕ್ರೋಮ್ ರಿಂಗ್ ಹಾಕಿದರೂ ಇದೇ ಗತಿ, ಅವು ಒಂದಕ್ಕೊಂದು ಎಂದೂ ಹೊಂದುವುದಿಲ್ಲ.

ಮೇಲಿನ ಅಂಕಿಗಳನ್ನು ಹಿಡಿದುಕೊಂಡು ಬೆಂಗಳೂರಿನ ಎನ್‌ಎಎಲ್ (ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ) ರೂಪಿಸಿದ ಹಂಸ ವಿಮಾನದ ಹತ್ತಿರ ಹೋಗಬೇಡಿ. ಹಂಸ-3ರಲ್ಲಿರುವುದು ರೋಟ್ಯಾಕ್ಸ್ 914, ಹೊಸ ಹಂಸ-ಎನ್‌ಜಿಯಲ್ಲಿರುವುದು ರೋಟ್ಯಾಕ್ಸ್ 912 ಕುಟುಂಬದ ಎಂಜಿನ್. ಹೆಡ್ ತಣಿಸಲು ನೀರಿದೆ, ಪಿಸ್ಟನ್ ಚಿಕ್ಕದು, ಸಂದು ಬಿಗಿ. ಆಯಿಲ್ ಬೇರೆ ಟ್ಯಾಂಕಿನಲ್ಲಿರುತ್ತದೆ. ಅಳೆಯುವ ಮುನ್ನ ಇಗ್ನಿಶನ್ ಆಫ್ ಮಾಡಿ, ಪ್ರೊಪೆಲರನ್ನು ಅದು ತಿರುಗುವ ದಿಕ್ಕಿನಲ್ಲೇ ಕೈಯಿಂದ ತಿರುಗಿಸುತ್ತಾ ಟ್ಯಾಂಕಿನಲ್ಲಿ ಗುಳುಗುಳು ಸದ್ದು ಬರುವವರೆಗೆ ಆಯಿಲನ್ನು ಅಲ್ಲಿಗೆ ತಳ್ಳಬೇಕು; ಇಲ್ಲದಿದ್ದರೆ ಡಿಪ್‌ಸ್ಟಿಕ್ ಸುಳ್ಳು ಹೇಳುತ್ತದೆ. ಅದರ ಗರಿಷ್ಠ ಮಿತಿ ಗಂಟೆಗೆ 0.06 ಲೀಟರ್. ಎಂಟು ಗಂಟೆಗೊಂದು ಕ್ವಾರ್ಟ್ ಅಂದರೆ ಗಂಟೆಗೆ 0.12 ಲೀಟರ್. ಲೈಕಮಿಂಗ್‌ನಲ್ಲಿ ನಾವು ಚೆನ್ನಾಗಿದೆ ಎಂದ ಅಂಕಿಯೇ ರೋಟ್ಯಾಕ್ಸ್‌ನಲ್ಲಿ ಮಿತಿಯ ಎರಡರಷ್ಟಾಯಿತು, ಆ ವಿಮಾನ ಅಂದು ಹ್ಯಾಂಗರ್ ಬಿಡುವಂತಿಲ್ಲ.